ಆವಲಪ್ಪನ ಮೂಗು ಮತ್ತು ಬೊಟ್ಟಿಟ್ಟ ಮೀಟರು

ಯಶವಂತಪುರದ ಯಾರ್ಡಿನ ಹಿಂದೆ ಗೋಡೌನುಗಳ ಸಾಲಿದೆಯಲ್ಲ, ಅಲ್ಲಿ ಒಂದು ಕಾಲದಲ್ಲಿ ಆವಲಪ್ಪನ ಮೂಗಿಗೆ ಇದ್ದ ಮರ್ಯಾದೆ ಆವಲಪ್ಪನಿಗೂ ಇರಲಿಲ್ಲ. ಜನ ವಿಚಾರಿಸುತ್ತಿದ್ದದ್ದೇ "ಮೂಗಿನ ಮೇಸ್ತ್ರಿ ಬಂದ್ನಾ?" ಎಂದು. ನೋಡುವುದಕ್ಕೆ ಆ ಮೂಗಿನಲ್ಲಿ ಏನೂ ವಿಶೇಷವಿರಲಿಲ್ಲ. ದಪ್ಪ, ತುದಿಯಲ್ಲಿ ಒಂದಿಷ್ಟು ಚಪ್ಪಟೆ, ಎಡಗಡೆ ಹಳೆಯ ಗಾಯದ ಕಲೆ. ಅವನ ಊರಾದ ಅಬ್ಬಿಗೆರೆಯಲ್ಲಿ ಅಂಥ ಮೂಗುಗಳು ಬೀದಿ ಬೀದಿಗೂ ಸಿಗುತ್ತವೆ. ಆದರೆ ಅದನ್ನು ಅವನು ಹೊತ್ತು ತಿರುಗುತ್ತಿದ್ದ ಠೀವಿ ನೋಡಿದರೆ, ಸರ್ಕಾರ ಆ ಮೂಗಿಗೇ ಬೇರೆ ರೇಷನ್ ಕಾರ್ಡು ಕೊಟ್ಟಿದೆಯೇನೋ ಅನ್ನಿಸುತ್ತಿತ್ತು.

ಅವನ ಕೆಲಸ ಧಾನ್ಯಕ್ಕೆ ಗ್ಯಾಸ್ ಇಡುವುದು. ಗೋಡೌನಿನಲ್ಲಿ ಬಹಳ ದಿನ ಕೂತ ಗೋಧಿಗೆ, ಕಡಲೆಗೆ, ಅಕ್ಕಿಗೆ ಹುಳ ಬೀಳುತ್ತದೆ. ಆಗ ಮೂಟೆಗಳ ಅಟ್ಟಿಗೆ ಟಾರ್ಪಾಲು ಹೊದಿಸಿ, ಅಂಚಿನುದ್ದಕ್ಕೂ ಮರಳು ತುಂಬಿದ ಚೀಲಗಳನ್ನಿಟ್ಟು ಭದ್ರ ಮಾಡಿ, ಒಳಗೆ ಬೂದುಬಣ್ಣದ ಮಾತ್ರೆಗಳನ್ನು ತಟ್ಟೆಯಲ್ಲಿಟ್ಟು ಬಾಗಿಲು ಎಳೆದುಕೊಂಡು ಬರಬೇಕು. ಗಾಳಿಯ ತೇವ ತಗುಲಿ ಮಾತ್ರೆ ಗ್ಯಾಸಾಗುತ್ತದೆ. ಅದರಿಂದ ಹುಳ ಸಾಯುತ್ತದೆ, ಇಲಿ ಸಾಯುತ್ತದೆ. ಮನುಷ್ಯನೂ ಸಾಯುತ್ತಾನೆ, ಗ್ಯಾಸಿಗೆ ಆ ಭೇದವೆಲ್ಲ ಇಲ್ಲ. ಒಂದು ವಾರ ಕಳೆದ ಮೇಲೆ ಬಾಗಿಲು ತೆರೆದು, ಟಾರ್ಪಾಲಿನ ಅಂಚು ಎತ್ತಿ, ಗಾಳಿಯಾಡಲು ಬಿಟ್ಟು, ಗ್ಯಾಸ್ ಪೂರಾ ಹೋಯಿತೆಂದು ಖಾತ್ರಿಯಾದ ಮೇಲಷ್ಟೇ ಆಳುಗಳು ಒಳಗೆ ಕಾಲಿಡಬೇಕು. ಹೋಯಿತೋ ಇಲ್ಲವೋ ಎಂದು ಹೇಳುವವರು ಯಾರು? ಯೋಗಾನಂದರ ಕಂಪನಿಯಲ್ಲಿ ಅದನ್ನು ಹೇಳುತ್ತಿದ್ದದ್ದು ಆವಲಪ್ಪನ ಮೂಗು.

ಅದಕ್ಕೊಂದು ಕ್ರಮವಿತ್ತು. ಆವಲಪ್ಪ ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದ. ಟವೆಲನ್ನು ಸೊಂಟಕ್ಕೆ ಬಿಗಿಯುತ್ತಿದ್ದ. ಬಾಯಲ್ಲಿದ್ದ ಹೊಗೆಸೊಪ್ಪನ್ನು ಉಗಿದು, ತಲೆಯನ್ನಷ್ಟೇ ಬಾಗಿಲೊಳಗೆ ತೂರಿಸಿ, ಇಡೀ ಸಾಲಿಗೆ ಕೇಳುವ ಹಾಗೆ ಒಮ್ಮೆ ಉಸಿರೆಳೆದುಕೊಳ್ಳುತ್ತಿದ್ದ. ಆ ಗ್ಯಾಸಿಗೆ ಕೊಳೆತ ಬೆಳ್ಳುಳ್ಳಿಯ ವಾಸನೆ. "ಬೆಳ್ಳುಳ್ಳಿ ಐತೆ" ಎಂದರೆ ಎಲ್ಲರೂ ಟೀ ಕುಡಿಯಲು ಹೋಗುವುದು. "ನಡೀರಿ" ಎಂದರೆ ಒಳಗೆ ಹೋಗುವುದು. ಮೇಸ್ತ್ರಿ ತಾನು ಒಳಗೆ ಹೋಗುವ ಪದ್ಧತಿ ಇರಲಿಲ್ಲ. ಮೂಗಿಗೆ ಏನಾದರೂ ಆದರೆ ಕಂಪನಿಯ ಗತಿ ಏನು?

ಇಷ್ಟೆಲ್ಲ ಕೀರ್ತಿ ಬಂದದ್ದು ಒಂದು ನಾಯಿಯಿಂದ. ಎರಡು ಸಾವಿರದ ಒಂಬತ್ತರಲ್ಲೋ ಏನೋ, ಪಕ್ಕದ ಗೋಡೌನಿನವರು ಗ್ಯಾಸ್ ಹೋಗಿದೆ ಎಂದು ಬಾಗಿಲು ತೆರೆದಿದ್ದಾಗ ಆವಲಪ್ಪ ಆಚೆಯಿಂದಲೇ ಮೂಸಿ, ಹೋಗಬೇಡಿ ಎಂದ. ಅವರು ನಕ್ಕರು. ಅಷ್ಟರಲ್ಲಿ ಒಂದು ಬೀದಿನಾಯಿ ಒಳಗೆ ನುಗ್ಗಿತು, ಹೊರಗೆ ಬರಲಿಲ್ಲ. ಪಾಪದ ಆ ನಾಯಿ ಸತ್ತಿತು, ಮೂಗಿನ ಮೇಸ್ತ್ರಿ ಹುಟ್ಟಿದ. ಅವತ್ತಿನಿಂದ ಅವನು ಆ ಕಥೆ ಹೇಳದ ವಾರವಿಲ್ಲ. ಹೇಳುತ್ತಾ ಹೇಳುತ್ತಾ ನಾಯಿ ಎರಡಾಯಿತು, ಆಮೇಲೆ ಎಮ್ಮೆ ಕರುವಾಯಿತು.

ಯಜಮಾನ ಯೋಗಾನಂದರು ಸಹಕಾರನಗರದಲ್ಲಿ ಮನೆ ಕಟ್ಟಿಸಿಕೊಂಡ ಸಭ್ಯರು. ಸುರಕ್ಷತೆಯ ಮೇಲೆ ಅವರಿಗೆ ಅಪಾರ ಭಕ್ತಿ. ವರ್ಷಕ್ಕೊಂದು ಸಲ, ಮಾರ್ಚಿನಲ್ಲಿ, ಸುರಕ್ಷತಾ ಸಪ್ತಾಹದ ದಿನ ಅದು ಉಕ್ಕಿ ಬರುತ್ತಿತ್ತು. ಆಳುಗಳಿಗೆಲ್ಲ ಹೆಲ್ಮೆಟ್ ಹಾಕಿಸಿ ನಿಲ್ಲಿಸುತ್ತಿದ್ದರು. ಗ್ಯಾಸ್ ಇಡುವವನ ತಲೆಯ ಮೇಲೆ ಏನೂ ಬೀಳುವುದಿಲ್ಲ, ಆದರೆ ಫೋಟೋದಲ್ಲಿ ಹೆಲ್ಮೆಟ್ ಚೆನ್ನಾಗಿ ಕಾಣುತ್ತದೆ. ಇಂಗ್ಲಿಷಿನಲ್ಲಿ ಪ್ರತಿಜ್ಞೆ ಓದುತ್ತಿದ್ದರು, ಆಳುಗಳು ಬಾಯಾಡಿಸುತ್ತಿದ್ದರು. ಗ್ಯಾಸ್ ತಡೆಯುವ ಮಾಸ್ಕ್ ಎರಡಿದ್ದವು. ಬಂದ ದಿನದ ಪ್ಲಾಸ್ಟಿಕ್ಕಿನಲ್ಲೇ ಆಫೀಸಿನ ಮೊಳೆಗೆ ನೇತಾಡುತ್ತಿದ್ದವು. ಆಳುಗಳು ಮೂತಿಗೆ ಒದ್ದೆ ಟವೆಲ್ ಕಟ್ಟಿಕೊಳ್ಳುತ್ತಿದ್ದರು. ತಲೆಬುರುಡೆ ಬರೆದ 'ಅಪಾಯ' ಎಂಬ ಬೋರ್ಡೂ ಇತ್ತು. ಅದನ್ನು ನೋಡಿ ವ್ಯಾಪಾರಿಗಳು ಹೆದರುತ್ತಾರೆಂದು ಗೋಡೆಯ ಕಡೆ ಮುಖ ಮಾಡಿಸಿ ನಿಲ್ಲಿಸಿದ್ದರು. ಗೋಡೆ ಮಾತ್ರ ಬಹಳ ಎಚ್ಚರಿಕೆಯಿಂದಿತ್ತು.

ಹೀಗಿರುವಾಗ ಒಂದು ಚಳಿಗಾಲ ಆವಲಪ್ಪನ ಮೂಗು ಸತ್ತಿತು.

ಅವನಿಗೆ ಮೊದಲು ತಿಳಿಯಲಿಲ್ಲ, ಹೆಂಡತಿ ಗೋಪಾಲಮ್ಮನಿಗೆ ತಿಳಿಯಿತು. ಅವರೆಕಾಯಿ ಕಾಲ. ಸೊಗಡು ಅವರೆಕಾಯಿಯ ವಾಸನೆಗೆ ಅಬ್ಬಿಗೆರೆಯ ಬೀದಿಯೇ ಗಮ್ಮೆನ್ನುವ ದಿನಗಳು. ಆವಲಪ್ಪ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಕುದಿಯುತ್ತಿದ್ದ ಹಿತಕಿದ ಬೇಳೆ ಸಾರಿನ ಪಕ್ಕದಲ್ಲೇ ಕೂತು, "ಇವತ್ತು ಏನು ಸಾರು?" ಎಂದ.

ಗೋಪಾಲಮ್ಮ ಸೌಟು ಹಿಡಿದುಕೊಂಡೇ ಅವನನ್ನು ನೋಡಿದಳು.

"ಬೀದಿಗೆಲ್ಲಾ ವಾಸ್ನೆ ಒಡೀತಾ ಐತೆ. ನಿಂಗೆ ಗೊತ್ತಾಗ್ಲಿಲ್ವೇನಯ್ಯಾ?"

"ಶೀತ ಆಗೈತೆ."

"ಶೀತ ಆದೋನು ಮೂಗು ಒರೆಸ್ಕೋತಾನೆ. ನಿನ್ ಮೂಗು ಒಣಗ್ಕೊಂಡು ಕೂತೈತೆ."

ಅವಳು ಸುಮ್ಮನೆ ಬಿಡುವ ಹೆಂಗಸಲ್ಲ. ಸೀಮೆಎಣ್ಣೆ ಬಾಟಲು ತಂದು ಮೂಗಿಗೆ ಹಿಡಿದಳು. ಇಂಗಿನ ಡಬ್ಬಿ ಹಿಡಿದಳು. ಕೊನೆಗೆ ಕೊಟ್ಟಿಗೆಯಿಂದ ಒಂದು ಹಿಡಿ ಸಗಣಿಯನ್ನೇ ತಂದಳು. ಆವಲಪ್ಪ ಪ್ರತಿ ಸಲವೂ ಜೋರಾಗಿ ಉಸಿರೆಳೆದ, ಪ್ರತಿ ಸಲವೂ ಅವನ ಮುಖ ಇಳಿದುಹೋಯಿತು. ವರ್ಷಗಟ್ಟಲೆ ಆ ಬಾಗಿಲುಗಳಲ್ಲಿ ವಿಷ ಮೂಸಿದ್ದಕ್ಕೋ, ಹೊಗೆಸೊಪ್ಪಿಗೋ, ವಯಸ್ಸಿಗೋ, ಯಾರಿಗೆ ಗೊತ್ತು. ಆಳುಗಳ ಆರೋಗ್ಯ ಪರೀಕ್ಷೆ ಮಾಡಿಸಬೇಕೆಂಬ ನಿಯಮವೇನೋ ಇತ್ತು. ಯೋಗಾನಂದರು ಒಮ್ಮೆ ಡಾಕ್ಟರನ್ನು ಕರೆಸಿದ್ದರು ಕೂಡ. ಆತ ಬಂದು ಎಲ್ಲರ ತೂಕ ನೋಡಿ ಹೋಗಿದ್ದ.

"ನಾಳೇನೇ ಯಜಮಾನಂಗೆ ಯೋಳ್ಬಿಡು," ಎಂದಳು ಗೋಪಾಲಮ್ಮ.

"ಯೋಳಿದ್ರೆ ಆಮೇಲೆ ಯಾರ್ಡಲ್ಲಿ ನಾನ್ಯಾರು? ಮೂಟೆ ಒರೋ ಸೊಣ್ಣಪ್ಪನೂ ಒಂದೇ, ನಾನೂ ಒಂದೇ."

"ಮೂಟೆ ಒರೋನು ಯಾರ್ನೂ ಸಾಯ್ಸಲ್ಲ."

ಆವಲಪ್ಪನಿಗೆ ಅವತ್ತು ಊಟ ಸೇರಲಿಲ್ಲ. ಆದರೆ ಹೇಳಲೂ ಇಲ್ಲ. ಮನುಷ್ಯನಿಗೆ ಜೀವನದಲ್ಲಿ ಒಂದೇ ಒಂದು ಹೆಚ್ಚುಗಾರಿಕೆ ಇದ್ದು, ಅದೂ ಕೈಬಿಟ್ಟು ಹೋದರೆ, ಅವನು ಮಾಡುವ ಮೊದಲ ಕೆಲಸ ಅದು ಇನ್ನೂ ಇದೆ ಎಂದು ನಟಿಸುವುದು. ಆವಲಪ್ಪ ಚೆನ್ನಾಗಿ ನಟಿಸಿದ. ಚಪ್ಪಲಿ ಬಿಡುವುದು, ಟವೆಲ್ ಬಿಗಿಯುವುದು, ಉಸಿರೆಳೆಯುವುದು ಎಲ್ಲಾ ಮೊದಲಿನ ಹಾಗೇ. ಒಳಗೊಳಗೆ ಮಾತ್ರ ಭಯ. ಹಾಗಾಗಿ ಪ್ರತಿ ಗೋಡೌನಿಗೂ ಒಂದು ದಿನ ಹೆಚ್ಚು ಗಾಳಿಯಾಡಲು ಬಿಡುತ್ತಿದ್ದ. ಸೂರಿನ ಪಾರಿವಾಳ ಒಳಗೆ ಹೋಗಿ ಜೀವಂತ ಹೊರಬಂದಮೇಲೆ "ನಡೀರಿ" ಎನ್ನುತ್ತಿದ್ದ. ಕಂಪನಿ ನಂಬಿದ್ದು ಮೇಸ್ತ್ರಿಯ ಮೂಗನ್ನು, ಮೇಸ್ತ್ರಿ ನಂಬಿದ್ದು ಪಾರಿವಾಳವನ್ನು.

ಅಷ್ಟರಲ್ಲಿ ಮೀಟರು ಬಂತು. ಗೋಧಿ ಕೊಳ್ಳುವ ದೊಡ್ಡ ಬಿಸ್ಕತ್ತಿನವರು, ಆಳುಗಳು ಎಷ್ಟು ಗ್ಯಾಸ್ ಉಸಿರಾಡುತ್ತಾರೆಂದು ಅಳೆಯದಿದ್ದರೆ ಮಾಲು ತೆಗೆದುಕೊಳ್ಳುವುದಿಲ್ಲ ಎಂದು ಕೂತಿದ್ದರು. ಹಳದಿ ಬಣ್ಣದ ಪುಟ್ಟ ಪೆಟ್ಟಿಗೆ, ಅಂಗಿಯ ಕೊರಳಿಗೆ ಸಿಕ್ಕಿಸುವ ಕ್ಲಿಪ್ಪು, ಮೇಲ್ಗಡೆ ಅಂಕಿ ತೋರಿಸುವ ಗಾಜು, ಅದರ ಕೆಳಗೆ ಅಂಗಿ ಗುಂಡಿಯಷ್ಟಗಲದ ದುಂಡನೆಯ ಜಾಲರಿ. ಆ ಜಾಲರಿಯ ಮೂಲಕ ಅದು ಗಾಳಿ ಎಳೆದುಕೊಳ್ಳುತ್ತದೆ, ಗ್ಯಾಸ್ ಮಿತಿ ಮೀರಿದರೆ ಕಿರುಚುತ್ತದೆ. ಒಳಗೆ ಹೋಗುವ ಪ್ರತಿಯೊಬ್ಬನ ಕೊರಳಿಗೂ ಒಂದೊಂದು ಬೇಕು, ಆಗಾಗ ಪರೀಕ್ಷೆ ಮಾಡಿಸುತ್ತಲೂ ಇರಬೇಕು ಎಂಬುದು ನಿಯಮ. ಯೋಗಾನಂದರು ಎಲ್ಲರ ಪರವಾಗಿ ಒಂದನ್ನು ಕೊಂಡರು. ಕೊಂಡ ಮೇಲೆ ಅದರ ಅಂದಕ್ಕೆ ಮರುಳಾಗಿ ತಾವೇ ಸಿಕ್ಕಿಸಿಕೊಂಡರು. ಆಳುಗಳ ಉಸಿರು ಅಳೆಯಲು ಬಂದ ಮೀಟರು ಯಜಮಾನರ ಉಸಿರು ಅಳೆಯುತ್ತಾ ಸಹಕಾರನಗರದ ಪಾರ್ಕಿನಲ್ಲಿ ವಾಕಿಂಗ್ ಮಾಡಿತು. ಗೋಡೌನ್ ತೆರೆಯುವ ದಿನ ಮಾತ್ರ ಆವಲಪ್ಪನ ಕೈಗೆ ಬರುತ್ತಿತ್ತು.

ಆವಲಪ್ಪ ಅದನ್ನು ಎಲ್ಲರೆದುರು ಹೀಯಾಳಿಸಿದ. "ಇದುಕ್ಕೆ ನಾನೇ ವಾಸ್ನೆ ಕಲಿಸ್ಕೊಡ್ಬೇಕು ಕಣ್ರೋ" ಎನ್ನುತ್ತಿದ್ದ. ಆಳುಗಳು ನಗುತ್ತಿದ್ದರು. ಆಮೇಲೆ ಬಾಗಿಲ ಕಡೆ ತಿರುಗಿ, ಅಂಗೈಯಲ್ಲಿ ಮರೆಮಾಡಿಕೊಂಡು ಅಂಕಿ ನೋಡಿ, ಆಮೇಲೆ ಸಾಲಿಗೆಲ್ಲ ಕೇಳುವ ಹಾಗೆ ಉಸಿರೆಳೆಯುತ್ತಿದ್ದ. ಮೀಟರು ಕಿರುಚಿದರೆ, "ಅದು ಕೂಗೋಕೆ ಮುಂಚೇನೇ ನಂಗೆ ಬಂದಿತ್ತು" ಎನ್ನುತ್ತಿದ್ದ. ಒಳಗೊಳಗೆ ಆ ಪೆಟ್ಟಿಗೆಗೆ ಕೈಮುಗಿಯುತ್ತಿದ್ದ. ಪಾರಿವಾಳದ ಕೆಲಸ ತಪ್ಪಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು, ಯಾರಿಗೂ ಏನೂ ಆಗಲಿಲ್ಲ. ಕಾಪಾಡಿದ್ದು ಮೀಟರು, ಹೆಸರು ಬಂದದ್ದು ಮೂಗಿಗೆ. ಗೋಪಾಲಮ್ಮ ಆಗಾಗ ಕೇಳುತ್ತಿದ್ದಳು, "ಯೋಳಿದ್ಯಾ?" ಎಂದು. "ಈಗ ಮೀಟರ್ ಐತಲ್ಲ" ಎನ್ನುತ್ತಿದ್ದ.

ಎರಡು ಸಾವಿರದ ಹದಿನೈದರ ಆಯುಧಪೂಜೆ ಬಂತು. ಆಫೀಸಿನ ಮೇಜಿನ ಮೇಲೆ ಹೊಸ ಪಂಚೆ ಹಾಸಿ, ಕಂಪನಿಯ ಆಯುಧಗಳನ್ನೆಲ್ಲ ಸಾಲಾಗಿಟ್ಟರು. ಮೂಟೆ ಎಳೆಯುವ ಕೊಕ್ಕೆ, ತಕ್ಕಡಿ, ಕಂಪ್ಯೂಟರು, ಪ್ಲಾಸ್ಟಿಕ್ ಬಿಚ್ಚದ ಮಾಸ್ಕುಗಳು, ನಟ್ಟನಡುವೆ ಹಳದಿ ಮೀಟರು. ಯೋಗಾನಂದರ ಹೆಂಡತಿ ಕಲಾವತಿಯವರು ರೇಷ್ಮೆ ಸೀರೆಯುಟ್ಟು ಬಂದಿದ್ದರು. "ಹಿರಿಯರು ನೀವೇ ಬೊಟ್ಟಿಡಿ, ಮೇಸ್ತ್ರಿ" ಎಂದರು.

ಆವಲಪ್ಪ ಉಬ್ಬಿಹೋದ. ಗಂಧ, ಅರಿಶಿನ, ಕುಂಕುಮ ಕಲಸಿದ ತಟ್ಟೆ ಹಿಡಿದು ಒಂದೊಂದಕ್ಕೂ ಇಡುತ್ತಾ ಬಂದ. ಕೊಕ್ಕೆಗೆ ಹಿಡಿಯ ಮೇಲೆ, ಕಂಪ್ಯೂಟರಿಗೆ ನೆತ್ತಿಯ ಮೇಲೆ. ಮೀಟರಿನ ಮುಂದೆ ಬಂದಾಗ ಅವನ ಮನಸ್ಸು ನಿಜವಾಗಿಯೂ ತುಂಬಿ ಬಂತು. ತನ್ನ ಮಾನ ಉಳಿಸಿದ ದೇವರಲ್ಲವೇ ಅದು? ಎಲ್ಲಿಡಲಿ ಎಂದು ನೋಡಿದ. ಮುಂಭಾಗದಲ್ಲಿ ಆ ದುಂಡನೆಯ ಜಾಲರಿ, ಬೊಟ್ಟಿಡಲೆಂದೇ ಬಿಟ್ಟ ಜಾಗದ ಹಾಗಿತ್ತು. ಹೆಬ್ಬೆಟ್ಟಿನಲ್ಲಿ ಧಾರಾಳವಾಗಿ ಗಂಧ ಮೆತ್ತಿ, ಅದರ ಮೇಲೆ ಅರಿಶಿನ, ಅದರ ಮೇಲೆ ಕುಂಕುಮ ಒತ್ತಿದ. ಬೇರೆ ಯಾವುದಕ್ಕೂ ಅಷ್ಟು ಭಕ್ತಿಯಿಂದ ಇಟ್ಟಿರಲಿಲ್ಲ. ಅದು ಒಣಗಿ ಮುಚ್ಚಳದ ಹಾಗೆ ಗಟ್ಟಿಯಾಯಿತು. ಹಬ್ಬದ ಕುಂಕುಮವನ್ನು ಯಾರಾದರೂ ಒರೆಸುತ್ತಾರೆಯೇ? ಯಾರೂ ಒರೆಸಲಿಲ್ಲ.

ಅಲ್ಲಿಂದಾಚೆಗೆ ಮೀಟರು ಕಿರುಚುವುದನ್ನೇ ಬಿಟ್ಟಿತು. ಯಾವ ಬಾಗಿಲಿಗೆ ಹಿಡಿದರೂ ಸೊನ್ನೆ. ಒಬ್ಬನಿಗಾದರೂ ಅನುಮಾನ ಬರಬಾರದೇ? ಬರಲಿಲ್ಲ. ಪೂಜೆಯಾದ ಮೇಲೆ ಎಲ್ಲಾ ಒಳ್ಳೆಯದಾಗುತ್ತಿದೆ ಎಂದುಕೊಂಡರು. ಲಾರಿಗಳು ಬೇಗ ಬೇಗ ಹೊರಟವು. ಯೋಗಾನಂದರು ಮೇಸ್ತ್ರಿಯ ಬೆನ್ನು ತಟ್ಟಿದರು.

ದೀಪಾವಳಿ ಕಳೆದ ಮೇಲೆ ಒಂದು ಮೋಡದ ದಿನ. ಜಿಟಿಜಿಟಿ ಮಳೆ, ಗಾಳಿಯೇ ಇಲ್ಲ. ಗೋಧಿಯ ಗೋಡೌನನ್ನು ಬೆಳಿಗ್ಗೆ ತಾನೇ ತೆರೆದು, ಅಟ್ಟಿಯ ಒಂದು ಬದಿಯ ಟಾರ್ಪಾಲು ಎತ್ತಿದ್ದರು. ಮಾರನೆಯ ದಿನದವರೆಗೆ ಬಿಡಬೇಕಿತ್ತು. ಆದರೆ ಬಿಸ್ಕತ್ತಿನವರ ಲಾರಿ ಮಧ್ಯಾಹ್ನಕ್ಕೇ ಬಂದು ನಿಂತಿತು. ಯೋಗಾನಂದರು ಫೋನಿನಲ್ಲಿ, "ಒಂದ್ಸಲ ನೋಡ್ಬಿಡು ಆವಲಪ್ಪ, ನಿನ್ ಮೂಗಿಗೆ ಓಕೆ ಆದ್ರೆ ತುಂಬಿಸ್ಬಿಡಿ" ಎಂದರು.

ಆವಲಪ್ಪ ಚಪ್ಪಲಿ ಬಿಟ್ಟ. ಅಂಗೈಯಲ್ಲಿ ಅಂಕಿ ನೋಡಿದ. ಸೊನ್ನೆ. ಉಸಿರೆಳೆದ. "ನಡೀರಿ."

ಮುಂದಿದ್ದವನು ಖಾದರ್ ಬಾಷಾ. ತಣಿಸಂದ್ರದವನು, ಆ ಗುಂಪಿನಲ್ಲೆಲ್ಲ ಗಟ್ಟಿ ಆಳು, ಯಾವ ಅಟ್ಟಿಯನ್ನಾದರೂ ಸರಸರನೆ ಹತ್ತುವವನು. ಆವಲಪ್ಪನ ಜೊತೆ ಮೊದಲಿಂದಲೂ ದುಡಿದವನು. ಅವನು ಹೊಸ್ತಿಲಲ್ಲೇ ನಿಂತುಬಿಟ್ಟ.

"ಅಣ್ಣಾ, ಬೆಳ್ಳುಳ್ಳಿ ಬರ್ತಾ ಇದೆ."

ಆವಲಪ್ಪ ಮತ್ತೆ ಅಂಗೈ ನೋಡಿದ. ಸೊನ್ನೆಯೇ. ಹಿಂದೆ ನಿಂತವರೆಲ್ಲ ಕಿವಿಗೊಟ್ಟಿದ್ದರು. ಇಷ್ಟು ಜನರೆದುರು ತನ್ನ ಮೂಗಿನ ಮೇಲೆ ಇನ್ನೊಬ್ಬನ ಮೂಗೇ?

"ಮನೇಲಿ ಬೆಳ್ಳುಳ್ಳಿ ತಿಂದ್ಕೊಂಡು ಬಂದು ಇಲ್ಲಿ ವಾಸ್ನೆ ಅಂತೀಯಲ್ಲೋ. ಇಲ್ಲಿ ಮೂಗು ನಂದಾ, ನಿಂದಾ?"

ಎಲ್ಲರೂ ನಕ್ಕರು. ಖಾದರ್ ಬಾಷಾನೂ ನಕ್ಕ.

"ನಿಮ್ದೇ ಅಣ್ಣಾ," ಎಂದು ಒಳಗೆ ಹೋದ.

ಅವನು ಅಟ್ಟಿಯ ತುದಿಗೆ ಹತ್ತಿ ಟಾರ್ಪಾಲನ್ನು ಬಲವಾಗಿ ಎಳೆದ. ಅದರಡಿ ತುಂಬಿಕೊಂಡಿದ್ದದ್ದೆಲ್ಲ ಒಮ್ಮೆಗೇ ಮೇಲಕ್ಕೆದ್ದಿತು. ಕೆಳಗಿದ್ದ ಸೊಣ್ಣಪ್ಪ ಕೆಮ್ಮತೊಡಗಿದ, ಅವನ ಹಿಂದಿನವನೂ ಕೆಮ್ಮಿದ. ಆವಲಪ್ಪ ಅಂಗೈ ನೋಡಿದ. ಕಣ್ಣೆದುರು ಜನ ಕೆಮ್ಮುತ್ತಿದ್ದಾರೆ, ಮೀಟರು ಸೊನ್ನೆ ಎನ್ನುತ್ತಿದೆ. ಬೆಳಕಿಗೆ ತಿರುಗಿಸಿ ನೋಡಿದ. ಜಾಲರಿಯ ಮೇಲೆ ತನ್ನ ಹೆಬ್ಬೆಟ್ಟಿನ ಗುರುತಿನೊಂದಿಗೆ ಹಬ್ಬದ ಬೊಟ್ಟು ಹಾಗೇ ಕೂತಿತ್ತು. ಉಗುರಿನಿಂದ ಕೆರೆದ. ಪುಡಿ ಉದುರಿದ್ದೇ ತಡ, ಮೀಟರು ಬಾಯಿ ಬಡಿದುಕೊಳ್ಳತೊಡಗಿತು.

"ಆಚೆ ಬರ್ರೋ, ಎಲ್ಲಾ ಆಚೆ ಬರ್ರೋ," ಎಂದು ಕೂಗುತ್ತಾ ಆವಲಪ್ಪ ಅಷ್ಟು ವರ್ಷಗಳಲ್ಲಿ ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಓಡಿದ. ಸೊಣ್ಣಪ್ಪ ಮತ್ತೆ ಉಳಿದವರು ಹೊರಗೆ ಬಿದ್ದರು. ಮೇಲಿಂದ ಇಳಿಯಬೇಕಾಗಿದ್ದ ಖಾದರ್ ಬಾಷಾ ಕೊನೆಗೆ ಬಂದ. ಎದೆ ಹಿಡಿದುಕೊಂಡು ಗೋಡೆಗೊರಗಿ ಕೂತು ವಾಂತಿ ಮಾಡಿಕೊಂಡ. ಯಾರೋ ಎಳನೀರು ತಂದರು, ಯಾರೋ ಮಜ್ಜಿಗೆ ತಂದರು. ಸ್ವಲ್ಪ ಹೊತ್ತಿಗೆ, "ಪರ್ವಾಗಿಲ್ಲ ಅಣ್ಣಾ, ತಲೆ ನೋಯ್ತಾ ಇದೆ ಅಷ್ಟೇ" ಎಂದು ಮನೆಗೂ ಹೋದ. ಆ ಗ್ಯಾಸಿನ ಕಪಟವೇ ಅದು. ಸಂಜೆ ಹೊತ್ತಿಗೆ ಉಸಿರು ಕಟ್ಟಿಕೊಂಡು, ತುಟಿ ನೀಲಿಯಾಗಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ಈ ವಿಷಕ್ಕೆ ಮದ್ದಿಲ್ಲ, ಆಮ್ಲಜನಕ ಕೊಟ್ಟು ಕಾಯಬೇಕು ಎಂದರು ಡಾಕ್ಟರು.

ಆವಲಪ್ಪ ಆಸ್ಪತ್ರೆಗೆ ಹೋದಾಗ ಖಾದರನ ಹೆಂಡತಿ ಅಕ್ಬರಿ ಹೊರಗಿನ ಬೆಂಚಿನ ಮೇಲೆ ಮಗಳು ಐಮನ್‌ಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು. ಬೈಯುತ್ತಾಳೆ, ಬೈಯಲಿ ಎಂದುಕೊಂಡೇ ಹೋಗಿದ್ದ. ಅವಳು ಬೈಯಲಿಲ್ಲ.

"ಅಣ್ಣಾ, ಅವ್ರು ವಾಸನೆ ಬರ್ತೈತೆ ಅಂದಿದ್ರಂತೆ."

"ಊಂ ಕಣಮ್ಮ."

"ನಿಮ್ ಮೂಗಿಗೇ ಬರ್ದೇ ಇರೋದು ಅವ್ರಿಗೆ ಹೆಂಗೆ ಬರ್ತೈತೆ? ನಿಮ್ ಮಾತು ಕೇಳ್ಕೊಂಡು ಹುಷಾರಾಗಿ ಮಾಡ್ಬೇಕಿತ್ತು ಅವ್ರು."

ಆವಲಪ್ಪ ಆ ಬೆಂಚಿನ ತುದಿಯಲ್ಲಿ ಕೂತ. ಸಾವಿನ ಬಾಯಲ್ಲಿದ್ದ ಗಂಡನಿಗಿಂತ ಇವನ ಮೂಗನ್ನು ಹೆಚ್ಚು ನಂಬಿದ್ದಳು ಆ ತಾಯಿ. ಅಲ್ಲಿಯೂ ಅವನು ಬಾಯಿ ಬಿಡಲಿಲ್ಲ. ಅವನ ಜೀವನದಲ್ಲಿ ಇದಕ್ಕಿಂತ ಹೇಡಿತನದ ಗಳಿಗೆ ಇನ್ನೊಂದಿಲ್ಲ.

ಬಾಯಿ ಬಿಟ್ಟದ್ದು ವಿಚಾರಣೆಗೆ ಅಧಿಕಾರಿ ಬಂದಾಗ. ಅವತ್ತು ಬೆಳಿಗ್ಗೆಯೇ ಯೋಗಾನಂದರು ಮಾಸ್ಕುಗಳ ಪ್ಲಾಸ್ಟಿಕ್ ಕತ್ತರಿಸಿ, ನೆಲದ ಮೇಲೆ ಒಂದಿಷ್ಟು ಉಜ್ಜಿ, ಬಳಸಿದ ಹಾಗೆ ಕಾಣಿಸುವಂತೆ ಮಾಡಿದ್ದರು. ತಲೆಬುರುಡೆಯ ಬೋರ್ಡು ಗೋಡೆ ಬಿಟ್ಟು ರಸ್ತೆ ಕಡೆ ತಿರುಗಿತ್ತು. "ಮಾಸ್ಕ್ ಕೊಟ್ಟಿದ್ವಿ ಸಾರ್, ಅವನೇ ಹಾಕ್ಕೊಳ್ಲಿಲ್ಲ. ಮೀಟರ್ ಕೂಡ ಇದೆ, ನೋಡಿ" ಎಂದು ಅದನ್ನು ಮಾತ್ರೆಯ ತಟ್ಟೆಯಲ್ಲಿ ಉಳಿದಿದ್ದ ಪುಡಿಯ ಹತ್ತಿರ ಹಿಡಿದರು. ಮೀಟರು ಅಚ್ಚುಕಟ್ಟಾಗಿ ಕಿರುಚಿತು. ಕಿರುಚದೆ ಏನು? ಆವಲಪ್ಪನೇ ಅದನ್ನು ಕೆರೆದು ಸರಿಮಾಡಿಟ್ಟಿದ್ದನಲ್ಲ.

ಆಗ ಆವಲಪ್ಪ ಮುಂದೆ ಬಂದ.

"ಸಾರ್, ತಪ್ಪು ಬಾಷಾಂದಲ್ಲ. ನನ್ ಮೂಗು ಸತ್ತೋಗಿ ವರ್ಷಗಳೇ ಆದ್ವು. ನಂಗೆ ಏನೂ ವಾಸ್ನೆ ಬರಲ್ಲ. ಮೀಟರ್ ನೋಡ್ಕೊಂಡು ಯೋಳ್ತಿದ್ದೆ. ಅದುಕ್ಕೂ ನಾನೇ ಬೊಟ್ಟಿಟ್ಟು ಮುಚ್ಬಿಟ್ಟಿದ್ದೆ."

ಯೋಗಾನಂದರು ನಕ್ಕರು. "ಫ್ರೆಂಡು ಅಂತ ಅವನ ತಪ್ಪು ಮೈಮೇಲೆ ಹಾಕ್ಕೋತಾ ಇದ್ದಾನೆ ಸಾರ್. ಇವನ ಮೂಗು ಇಡೀ ಯಾರ್ಡಿಗೇ ಫೇಮಸ್ಸು. ಯಾರನ್ನ ಬೇಕಾದ್ರೂ ಕೇಳಿ."

ಅಧಿಕಾರಿ ಸೊಣ್ಣಪ್ಪನನ್ನು ಕೇಳಿದರು. ಸೊಣ್ಣಪ್ಪ, ಪ್ರಾಣ ಉಳಿದದ್ದೇ ಹೆಚ್ಚಾಗಿದ್ದ ಸೊಣ್ಣಪ್ಪ, ಅಷ್ಟೇ ನಿಷ್ಠೆಯಿಂದ ಹೇಳಿದ: "ಇಲ್ಲ ಸಾರ್. ಮೇಸ್ತ್ರಿ ಮೂಗು ಅಂದ್ರೆ ಗ್ಯಾರಂಟಿ. ಒಂದ್ಸಲ ಎಮ್ಮೆ ಕರ ಸತ್ತಿದ್ದು..."

ಇಷ್ಟು ವರ್ಷ ಆಡಿದ ಸುಳ್ಳನ್ನು ಎಲ್ಲರೂ ನಂಬಿದ್ದರು. ಆಡಿದ ಒಂದೇ ಒಂದು ನಿಜವನ್ನು ಒಬ್ಬನೂ ನಂಬಲಿಲ್ಲ. ಅಧಿಕಾರಿ ಕಾಫಿ ಕುಡಿದು, ಆವಲಪ್ಪನಿಗೆ "ಒಳ್ಳೆ ಮನುಷ್ಯ ನೀನು" ಎಂದು ಹೇಳಿ ಎದ್ದರು. ಆಳಿನ ಅಜಾಗರೂಕತೆ ಎಂದು ತೀರ್ಮಾನವಾಯಿತು. ಖಾದರ್ ಬಾಷಾ ಸಾಯಲಿಲ್ಲ ಎಂಬುದೊಂದೇ ಸಮಾಧಾನ. ಆದರೆ ಆಸ್ಪತ್ರೆಯಿಂದ ಹೊರಬಂದವನು ಮಹಡಿ ಮೆಟ್ಟಿಲು ಹತ್ತಲೂ ನಿಂತು ನಿಂತು ಹೋಗಬೇಕಾಗಿತ್ತು.

ಮೀಟರನ್ನು ಯೋಗಾನಂದರು ತಪಾಸಣೆಗೆಂದು ಕಳಿಸಿದರು. ಅದು ವಾಪಸು ಬರುವ ಮೊದಲೇ ಇನ್ನೊಂದು ಗೋಡೌನ್ ತೆರೆಯುವ ದಿನ ಬಂತು. "ಮೂಗಿದೆಯಲ್ಲ," ಎಂದರು ಅವರು.

ಅವತ್ತು ಬೆಳಿಗ್ಗೆ ಆವಲಪ್ಪ ಹೆಂಡತಿಯನ್ನು ಎರಡು ಪೊಟ್ಟಣ ಕಟ್ಟಿಕೊಡು ಎಂದು ಕೇಳಿದ, ಒಂದರಲ್ಲಿ ಮಲ್ಲಿಗೆ ಹೂವು, ಒಂದರಲ್ಲಿ ಒಣಮೀನು. ಗೋಪಾಲಮ್ಮ ಯಾಕೆಂದು ಕೇಳಲಿಲ್ಲ, ಕಟ್ಟಿಕೊಟ್ಟಳು.

"ಬಾಷಾ ಬೀಳ್ಬೇಕಾಯ್ತು ನಿಂಗೆ ಬುದ್ಧಿ ಬರೋಕೆ. ನಾಚ್ಕೆ ಆಗ್ಬೇಕು."

"ಆಗ್ತೈತೆ," ಎಂದ ಆವಲಪ್ಪ.

ಗೋಡೌನಿನ ಮುಂದೆ ಆಳುಗಳು ಎಂದಿನಂತೆ ಅವನ ಹಿಂದೆ ಸಾಲು ನಿಂತರು. ಅವನು ಚಪ್ಪಲಿ ಬಿಡಲಿಲ್ಲ. ಸೊಂಟದ ಟವೆಲ್ ಬಿಚ್ಚಿ ಕಣ್ಣಿಗೆ ಕಟ್ಟಿಕೊಂಡ. ಪೊಟ್ಟಣಗಳನ್ನು ಸೊಣ್ಣಪ್ಪನ ಕೈಗೆ ಕೊಟ್ಟು, "ಬಿಚ್ಚಿ ಯಾವುದಾದ್ರೂ ಒಂದು ನನ್ ಮೂಗಿಗಿಡಿ" ಎಂದ. ಆಳುಗಳು ಇದೇನೋ ಆಟವೆಂದು ಕಿಸಿಕಿಸಿ ನಗುತ್ತಾ ಮುತ್ತಿಕೊಂಡರು. ಆವಲಪ್ಪ ಜೋರಾಗಿ ಉಸಿರೆಳೆದ. ಮೊದಲಿನ ಹಾಗೇ, ಸಾಲಿಗೆಲ್ಲ ಕೇಳುವ ಹಾಗೆ. ಏನೂ ಬರಲಿಲ್ಲ. ಯಾವುದಾದರೂ ಒಂದು ಹೇಳಬೇಕಲ್ಲ.

"ಮಲ್ಲಿಗೆ," ಎಂದ.

ಕಿಸಿಕಿಸಿ ನಿಂತುಹೋಯಿತು. ಟವೆಲಿನೊಳಗಿನ ಕತ್ತಲಲ್ಲಿ ಆವಲಪ್ಪ ಕಾದ.

"ಸರೀನಾ?"

"ಒಣಮೀನು ಮೇಸ್ತ್ರಿ," ಎಂದ ಸೊಣ್ಣಪ್ಪ. ಅವನ ದನಿ ಸಣ್ಣಗಾಗಿತ್ತು. ಟವೆಲ್ ಬಿಚ್ಚಿ ನೋಡಿದರೆ ಎಲ್ಲರೂ ಮೂಗು ಮುಚ್ಚಿಕೊಂಡು ದೂರ ಸರಿದು ನಿಂತಿದ್ದರು. ಅವರ ಮುಖದಲ್ಲಿ ಸಿಟ್ಟಿತ್ತು, ಅದಕ್ಕಿಂತ ಹೆಚ್ಚಾಗಿ ಭಯವಿತ್ತು. ಇಷ್ಟು ದಿನ ಎಷ್ಟು ಬಾಗಿಲು ದಾಟಿದ್ದೇವೆ ಎಂದು ಒಬ್ಬೊಬ್ಬನೂ ಮನಸ್ಸಿನಲ್ಲೇ ನೆನೆಸಿಕೊಳ್ಳುತ್ತಿದ್ದ. ಒಬ್ಬ ಆವಲಪ್ಪನ ಕಾಲ ಬಳಿ ಉಗಿದ.

ಸೊಣ್ಣಪ್ಪ ಬಾಗಿಲ ಹತ್ತಿರ ಹೋಗಿ ಅಂಜುತ್ತಾ ಮೂಸಿದ. ತಟ್ಟನೆ ಹಿಂದೆ ಸರಿದು, "ನಂಗೆ ಬೆಳ್ಳುಳ್ಳಿ ಬರ್ತೈತಪ್ಪ" ಎಂದ. ಎಲ್ಲರೂ ಹೋಗಿ ಬೇವಿನ ಮರದ ಕೆಳಗೆ ಕೂತರು. ಲಾರಿಯವನು ಹಾರ್ನ್ ಹೊಡೆದ. ಆವಲಪ್ಪನ ಫೋನು ಹೊಡೆದುಕೊಂಡಿತು, ಯೋಗಾನಂದರು ಬೈದರು. ಮಾಸ್ಕು ಬರಲಿ, ಮೀಟರು ಬರಲಿ, ಪ್ರತಿಯೊಬ್ಬನಿಗೂ ಬರಲಿ, ಅಲ್ಲಿವರೆಗೆ ಒಬ್ಬನೂ ಏಳುವುದಿಲ್ಲ ಎಂದ ಆವಲಪ್ಪ. ಕೆಲಸ ಹೋಗುತ್ತದೆ ಎಂದರು ಅವರು. ಹೋಗಲಿ ಎಂದ.

ಸಂಜೆ ಅವನು ತಣಿಸಂದ್ರಕ್ಕೆ ಹೋದ. ಖಾದರ್ ಬಾಷಾ ಕಿಟಕಿ ಪಕ್ಕದಲ್ಲಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದ. ಆವಲಪ್ಪ ಮೊದಲು ಅಕ್ಬರಿಯನ್ನು ಕರೆದು ತನ್ನ ಮೂಗಿನ ವಿಷಯ ಹೇಳಿದ, ಬೊಟ್ಟಿನ ವಿಷಯವನ್ನೂ ಹೇಳಿದ. ಅವಳು ನಿಂತು ಕೇಳಿಸಿಕೊಂಡಳು. ಕೇಳಿಸಿಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಒಳಗಿಂದ ಪಾತ್ರೆ ಕುಕ್ಕುವ ಸದ್ದು ಕೇಳುತ್ತಿತ್ತು.

ಖಾದರ್ ಬಾಷಾ ಉಸಿರು ಕೂಡಿಸಿಕೊಂಡು ಕೇಳಿದ.

"ಇವತ್ತು ಒಳಗೆ ಹೋದ್ರಾ?"

"ಇಲ್ಲ. ಸೊಣ್ಣಪ್ಪ ವಾಸ್ನೆ ಬರ್ತೈತೆ ಅಂದ."

"ಅವನ ಮಾತು ಕೇಳಿದ್ರಾ?"

"ಕೇಳ್ದೆ."

ಖಾದರ್ ಬಾಷಾ ಕಿಟಕಿಯಾಚೆ ನೋಡಿದ.

"ನಾನೂ ಅದೇ ಹೇಳಿದ್ದೆ ಅಣ್ಣಾ," ಎಂದ.

"ಊಂ," ಎಂದ ಆವಲಪ್ಪ.